ಸುಮ್ಮ ಕುಂಡ್ರಿ, ಪಿಯಾನೋ ಶ್ರುತಿ ಮಾಡಾಕತ್ತೇನಿ

ಪಿಯಾನೋ ಶ್ರುತಿ ಮಾಡುವವನಿಗೆ ಕಿವಿಗಿಂತ ಮೊದಲು ಸಹನೆ ಬೇಕು ಅಂತ ನನಗೆ ಕಲಿಸಿದವರು ಹೇಳಿದ್ದರು. ಮನೆಮಂದಿಗೂ ಬೇಕು ಅಂತ ಹೇಳಿರಲಿಲ್ಲ. ಅದಕ್ಕೇ ಹೋದ ಮನೆಯಲ್ಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ.

ನಾನು ಬೆಟಗೇರಿಯವನು. ಹಾರ್ಮೋನಿಯಂ ರಿಪೇರಿ ನನ್ನ ಕಸುಬು. ಈ ಕಡೆ ಪಿಯಾನೋ ಇರುವ ಮನೆಗಳು ಬೆರಳೆಣಿಕೆಯಷ್ಟು, ಆದರೆ ಅವು ನನ್ನನ್ನು ಒಂದು ಕಡೆ ಕೂಡಗೊಡುವುದಿಲ್ಲ. ಬಿಸಿಲಿಗೆ ಲಕ್ಷ್ಮೇಶ್ವರದ ಪಿಯಾನೋ ಶ್ರುತಿ ಇಳಿಯಿತು ಅಂತ ಓಡಿದರೆ, ಮಳೆಯ ತೇವಕ್ಕೆ ಶಿರಹಟ್ಟಿಯದು ಏರಿರುತ್ತದೆ. ಬಸ್ಸಿನಲ್ಲಿ ಕೂತರೆ ಹಾರ್ನ್ ಅರ್ಧ ಸ್ವರ ಕೆಳಗಿದೆ ಅಂತ ಚಡಪಡಿಕೆ. ಒಮ್ಮೆ ಮನೆಯಲ್ಲಿ ಕುಕ್ಕರ್ ಕೂಗಿತು. “ಇನ್ನಷ್ಟು ಏರಿಸಬೇಕು” ಅಂದೆ. ಹೆಂಡತಿ ಗ್ಯಾಸ್ ಏರಿಸಿದಳು. ಆ ದಿನ ಸೀದ ಅನ್ನ ಉಂಡೆವು.

ಒಂದೇ ಸ್ವರ

ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿಯೊಬ್ಬರು ಮಗಳಿಗೆಂದು ಹಳೆಯ ಪಿಯಾನೋ ತಂದಿದ್ದರು. ಒಂದೊಂದು ಸ್ವರಕ್ಕೂ ಎರಡು ಮೂರು ತಂತಿ. ಒಂದೇ ಕೀಯನ್ನು ಮತ್ತೆ ಮತ್ತೆ ಒತ್ತುತ್ತ ತಂತಿ ಬಿಗಿ ಮಾಡಬೇಕು. ಟಣ್, ಟಣ್, ಟಣ್. ವ್ಯಾಪಾರಿಯ ತಾಯಿ ಎದುರಿಗೇ ಕೂತು ಜೋಳ ಹಸನು ಮಾಡುತ್ತಿದ್ದರು.

“ತಮ್ಮಾ, ಬಾರಸಾಕ ಯಾವಾಗ ಚಾಲೂ ಮಾಡ್ತಿ?”

“ಇದಾ ಕೆಲಸರಿ ಅಮ್ಮಾರ.”

ಇನ್ನೊಂದು ತಾಸು ಕಳೆಯಿತು. ಮುದುಕಿ ಮೊರ ಬದಿಗಿಟ್ಟು ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. “ಹೆದರಬ್ಯಾಡಪಾ. ನಮ್ಮ ಮೊಮ್ಮಗಳೂ ಮೊದಲ ಹಿಂಗಾ ಇದ್ದಳು. ಸಾಲಿಯಿಂದ ಬರ್ಲಿ, ನಿನಗೂ ಕಲಸ್ತಾಳ.”

ತೇವ ಹೀರುವ ಡಬ್ಬಿ

ಶಿರಹಟ್ಟಿಯಲ್ಲಿ ನಿವೃತ್ತ ಹೆಡ್ ಮಾಸ್ತರರ ಪಿಯಾನೋದ ದಪ್ಪ ದನಿಗಳು ಸತ್ತುಹೋಗಿದ್ದವು. ಕೆಳಗಿನ ಹಲಗೆ ಬಿಚ್ಚಿದೆ. ತಂತಿಗಳಿಗೆ ಒತ್ತಿ ಒಂದು ಪೇಢೆ ಡಬ್ಬಿ! ಮಾಸ್ತರರಿಗೆ ಸಕ್ಕರೆ ಕಾಯಿಲೆ. ಚಹಾ ಹಿಡಿದು ಅವರ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದಾರೆ. ಅವರ ಬೆನ್ನ ಹಿಂದೆ ಮಾಸ್ತರರು ನನಗೆ ಕೈ ಮುಗಿಯುತ್ತಿದ್ದಾರೆ.

“ಇದೇನ್ರಿ?”

“ತೇವ ಹೀರಾಕ ಇಡ್ತಾರ್ರಿ, ಅಕ್ಕಾರ.”

“ಹೌದೇನು?” ಅಂದರು, ಅಷ್ಟೇ.

ಆರು ತಿಂಗಳಿಗೆ ಮತ್ತೆ ಅದೇ ದನಿಗಳು ಸತ್ತವು. ಬಿಚ್ಚಿದರೆ ಒಳಗೆ ನಾಲ್ಕು ಹಾಗಲಕಾಯಿ! ಅಕ್ಕಾರು ತಣ್ಣಗೆ ಹೇಳಿದರು: “ತೇವಕ್ಕ ಇದು ಇನ್ನೂ ಛಲೋರಿ. ದಿನಾ ಹೊಸಾವು ಇಡ್ತೇನಿ. ಹಳೇವು ಇವರಿಗೆ ಪಲ್ಯಾ ಮಾಡಿ ಹಾಕ್ತೇನಿ.”

ಮುಂಡರಗಿಯ ಹಾರ

ಮುಂಡರಗಿಯ ಡಾಕ್ಟರರ ಮನೆಯಲ್ಲಿ ಗದ್ದಲವೋ ಗದ್ದಲ. ನಾನು ತಾಳ್ಮೆಗೆಟ್ಟು ಟಿವಿ, ಮಿಕ್ಸರ್, ಕಡೆಗೆ ಫ್ಯಾನ್ ಕೂಡ ಬಂದ್ ಮಾಡಿಸಿದೆ. “ಯಾರೂ ಉಸಿರೆತ್ತಬ್ಯಾಡ್ರಿ” ಅಂದೆ. ಗಾಳಿಗೆಂದು ಬಾಗಿಲು ತೆರೆದಿಟ್ಟು ಮನೆಮಂದಿಯೆಲ್ಲ ತಲೆ ತಗ್ಗಿಸಿ ಕೂತರು. ಡಾಕ್ಟರರ ಮುಪ್ಪಿನ ತಂದೆ ಅಲ್ಲೇ ಮಂಚದ ಮೇಲೆ ಬಿಳಿ ಚಾದರ ಹೊದ್ದು ನಿದ್ದೆ ಹೋದರು.

ಎದುರಿನ ಕಿರಾಣಿ ಅಂಗಡಿಯವರು ಬಾಗಿಲಲ್ಲಿ ಇಣುಕಿ, “ಡಾಕ್ಟರ...” ಅಂದರು. ಡಾಕ್ಟರರು ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರ್ರಿ ಅಂತ ತಲೆ ಆಡಿಸಿದರು. ಅಂಗಡಿಯವರು ಮಂಚದ ಕಡೆ ನೋಡಿ, ಕಣ್ಣು ಒರೆಸಿಕೊಂಡು ಹೋದರು.

ಅರ್ಧ ತಾಸಿನ ಮೇಲೆ ನನ್ನ ಬೆನ್ನ ಹಿಂದೆ ಬಿಕ್ಕುವ ದನಿ. ಶ್ರುತಿ ಅಷ್ಟು ಚೆನ್ನಾಗಿ ಕೂಡಿತೇ ಅಂತ ಹಿಗ್ಗಿ ತಿರುಗಿ ನೋಡಿದೆ. ಓಣಿಯ ಹೆಂಗಸರೆಲ್ಲ ಕಣ್ಣಿಗೆ ಸೆರಗು ಹಚ್ಚಿ ನಿಂತಿದ್ದಾರೆ! ಅಂಗಡಿಯವರು ದೊಡ್ಡ ಹಾರ ಹಿಡಿದು ಮಂಚದ ಮೇಲೆ ಬಾಗಿದ್ದಾರೆ. ಅಷ್ಟರಲ್ಲಿ ಅಜ್ಜ ಕಣ್ಣು ಬಿಟ್ಟರು.

“ಹಾರ ಯಾಕಲೇ?”

ಅಂಗಡಿಯವರು ಅತ್ತ ಇತ್ತ ನೋಡಿ, ಗರಕ್ಕನೆ ತಿರುಗಿ ಹಾರವನ್ನು ನನ್ನ ಕೊರಳಿಗೆ ಹಾಕಿಬಿಟ್ಟರು. “ನಿಮಗಲ್ಲರಿ ಅಜ್ಜಾರ, ಇವರಿಗೆ ಸನ್ಮಾನ!”

ಅಜ್ಜ ಎದ್ದು ಕೂತು ಎಲ್ಲರನ್ನೂ ನೋಡಿದರು. “ಸನ್ಮಾನಕ್ಕ ಹೆಣ್ಮಕ್ಕಳು ಯಾಕ ಅಳಾಕತ್ತಾರ?”

ಅಂಗಡಿಯವರು ಥಟ್ಟನೆ ಅಂದರು: “ಮುಂಜಾನಿಂದ ಇವರು ಬಾರಸೂದು ಕೇಳ್ಯಾರ್ರಿ!”