ಗುಳಿಗನ ಕಟ್ಟೆಯೂ ಎರಡು ಸೌಟು ಎಳ್ಳೆಣ್ಣೆಯೂ

ಟ್ರೈಲರ್ ಈ ವಾರ ಮೂರನೆಯ ಸಲ ಗುಳಿಗ ದೈವದ ಕಟ್ಟೆಯ ಎದುರೇ ನಿಂತಿತು. ಚನಿಯಪ್ಪ ಆಕ್ಸಿಲರೇಟರ್ ಒತ್ತಿದ. ಟ್ರ್ಯಾಕ್ಟರ್ ಅರಚಿತೇ ಹೊರತು ಹಿಂದಿನ ಖಾಲಿ ಟ್ರೈಲರ್ ಹಠ ಹಿಡಿದ ಎಮ್ಮೆಯ ಹಾಗೆ ಕದಲಲಿಲ್ಲ.

ಗಂಟೆ ಹನ್ನೆರಡು. ನಾಲ್ಕರೊಳಗೆ ಪುತ್ತೂರಿನ ಆರ್‌ಟಿಒ ಕಚೇರಿಯಲ್ಲಿ ಬ್ರೇಕ್ ತೋರಿಸಿ ಗಾಡಿಯ ಎಫ್‌ಸಿ ಮಾಡಿಸಬೇಕು. ಇವತ್ತೇ ಕಡೆಯ ದಿನ. ತಪ್ಪಿದರೆ ನೆಟ್ಟಣಕ್ಕೆ ಕೆಂಪುಕಲ್ಲು ಸಾಗಿಸುವ ಕೆಲಸ ಟಿಪ್ಪರಿನ ಉಲ್ಲಾಸನ ಪಾಲು.

ನೆತ್ತಿಯ ಮೇಲೆ ಬಿಸಿಲು. ಒಂದು ಹಕ್ಕಿಯ ಸದ್ದಿಲ್ಲ. ಗಾಳಿಯಿಲ್ಲದಿದ್ದರೂ ಕಟ್ಟೆಯ ಮರದ ಒಂದೇ ಒಂದು ಗೆಲ್ಲು ಅಲುಗುತ್ತಿತ್ತು.

ಕಟ್ಟೆಗೆ ದೀಪ ಇಡುವ ನೆರೆಮನೆಯ ಶಂಕರಿಯಕ್ಕ ತೆಂಗಿನಕಾಯಿ ಹಿಡಿದುಕೊಂಡೇ ಬಂದಳು.

“ನಡುಮಧ್ಯಾಹ್ನ ಗುಳಿಗನ ಸಂಚಾರದ ಹೊತ್ತು. ಕಾಯಿ ಇಡದೆ ದಾಟುದುಂಟಾ?”

“ಮೊನ್ನೆ ಇಟ್ಟೆ, ನಿನ್ನೆ ಇಟ್ಟೆ. ಗುಳಿಗನಿಗೆ ಎಂತ, ದಿನಾ ಪಾಯಸವಾ?”

“ಇಟ್ಟ ಅರ್ಧ ಗಂಟೆಗೆ ಗಾಡಿ ಬಿಟ್ಟದ್ದು ಸುಳ್ಳಾ?”

ಸುಳ್ಳಲ್ಲ. ಅವನಿಗೆ ಹೆದರಿಕೆ ಹುಟ್ಟಿಸಿದ್ದೇ ಅದು. ಬೈಯುತ್ತಲೇ ಕಾಯಿ ಕಟ್ಟೆಯ ಮೇಲಿಟ್ಟು, ಕಡಬದ ಮೆಕ್ಯಾನಿಕ್ ಕಬೀರನಿಗೂ ಫೋನು ಮಾಡಿದ.

ಕಾಲು ಗಂಟೆಯಲ್ಲಿ ಬೈಕಿನಲ್ಲಿ ಬಂದ ಕಬೀರ್ ಬ್ರೇಕಿನ ಡ್ರಮ್ಮಿಗೆ ಒಂದು ಹನಿ ನೀರು ಬಿಟ್ಟ, ಚುಂಯ್ ಎಂದಿತು. ಬ್ರೇಕಿನ ಎಣ್ಣೆಡಬ್ಬಿ ತೆರೆದು ಮೂಸಿದ.

“ಚನಿಯಪ್ಪಣ್ಣ, ಇದು ಬ್ರೇಕ್ ಆಯಿಲ್ ಅಲ್ಲ. ಎಳ್ಳೆಣ್ಣೆ!”

ಶಂಕರಿಯಕ್ಕ ಸೆರಗು ಸರಿಮಾಡಿಕೊಂಡಳು. “ಆಯುಧಪೂಜೆಯ ದಿನ ನಾನೇ ಹಾಕಿದ್ದು. ಗುಳಿಗನ ದೀಪದ್ದು, ಎರಡೇ ಸೌಟು. ಬ್ರೇಕ್ ತಪ್ಪದೆ ಇರ್ಲಿ ಅಂತ.”

“ಎರಡು ಸೌಟಾ! ಒಗ್ಗರಣೆಗಾ?” ಚನಿಯಪ್ಪ ಹೌಹಾರಿದ.

“ಈ ಎಣ್ಣೆಗೆ ಒಳಗಿನ ರಬ್ಬರ್ ಊದಿಕೊಳ್ತದೆ, ಹಿಡಿದ ಬ್ರೇಕ್ ಬಿಡುದಿಲ್ಲ,” ಎಂದ ಕಬೀರ್. “ನಿಮ್ಮ ಮನೆಯಿಂದ ಇಲ್ಲಿವರೆಗೆ ಇಳಿಜಾರು. ಇಲ್ಲಿಗಾಗುವಾಗ ಕಾದು ಕಚ್ಚಿಕೊಳ್ತದೆ. ತಣಿದರೆ ಬಿಡ್ತದೆ. ತೆಂಗಿನಕಾಯಿ ಇಟ್ಟರೂ ಬಿಡ್ತದೆ, ಕುಂಬಳಕಾಯಿ ಇಟ್ಟರೂ ಬಿಡ್ತದೆ.”

ಅವನು ಎಣ್ಣೆ ಚೆಲ್ಲಿ, ಟ್ರೈಲರಿನ ಬ್ರೇಕ್ ಪೈಪನ್ನೇ ಕಳಚಿದ. ಜಾಕಿ ಕೊಟ್ಟು ತಳ್ಳಿದರೆ ಚಕ್ರ ಬುಗುರಿಯ ಹಾಗೆ ತಿರುಗಿತು.

“ಈಗ ಟ್ರೈಲರಿಗೆ ಬ್ರೇಕೇ ಇಲ್ಲ. ಮೆಲ್ಲ ಗ್ಯಾರೇಜಿಗೆ ಬನ್ನಿ. ರಬ್ಬರ್ ಬದಲಿಸಿದರೆ ನಾಲ್ಕಕ್ಕೆ ಪುತ್ತೂರು.”

ಚನಿಯಪ್ಪನ ಧೈರ್ಯ ಸೋಡಾದ ಹಾಗೆ ಉಕ್ಕಿತು. ಕಟ್ಟೆಯ ಮೇಲಿನ ಕಾಯಿ ಎತ್ತಿ ಟ್ರೈಲರಿನ ಕೊಂಡಿಗೆ ಬಡಿದು ಒಡೆದ. “ಗುಳಿಗನೂ ಇಲ್ಲ, ಎಂತದ್ದೂ ಇಲ್ಲ!”

“ಬೇಡ ಮಾರಾಯ!” ಶಂಕರಿಯಕ್ಕ ಕೂಗುವಷ್ಟರಲ್ಲಿ ದೊಡ್ಡ ಚೂರೊಂದು ಅವನ ಬಾಯಿಯೊಳಗಿತ್ತು.

ಗೇರ್ ಹಾಕಿದ. ಟ್ರೈಲರ್ ಎರಡು ಮಾರು ಹೋಯಿತು. ನಿಂತಿತು.

ಕಬೀರ್ ನಗುತ್ತಾ ಬಗ್ಗಿ ನೋಡಿದ. ನಗು ಆರಿತು. ಕಳಚಿದ ಪೈಪು ಅವನ ಕೈಯಲ್ಲೇ ಇತ್ತು. ಡ್ರಮ್ ಮುಟ್ಟಿ ಚಟ್ಟನೆ ಕೈ ಎಳೆದುಕೊಂಡ.

“ಬಿಸಿಯಾ?” ಚನಿಯಪ್ಪ ಬಾಯಿ ತುಂಬ ಕಾಯಿಟ್ಟುಕೊಂಡೇ ಕೇಳಿದ.

“ಅಲ್ಲ ಅಣ್ಣ. ಬಾವಿಯ ತಳದ ಕಲ್ಲಿನ ಹಾಗೆ ತಣ್ಣಗುಂಟು.”

ಮರದ ಗೆಲ್ಲು ಈಗ ಅಲುಗುತ್ತಿರಲಿಲ್ಲ.

ಅಷ್ಟರಲ್ಲಿ ಉಲ್ಲಾಸನ ಟಿಪ್ಪರು ಬಂತು. ಅವನು ಇಳಿದು, ಕಟ್ಟೆಗೆ ಕಾಯಿ ಇಟ್ಟು ಕೈಮುಗಿದು, ನೆಟ್ಟಣದ ಕಡೆಗೆ ಸಲೀಸಾಗಿ ಹೋದ.

ಚನಿಯಪ್ಪ ಸೀಟಿನಲ್ಲೇ ಕೂತಿದ್ದ. ಬಾಯಿಯ ಚೂರನ್ನು ನುಂಗಲೂ ಹೆದರಿಕೆ, ಗುಳಿಗನ ಎದುರು ಉಗುಳಲೂ ಹೆದರಿಕೆ.