ಅಧ್ಯಕ್ಷರ ಪಕ್ಕದ ಜಾಗ

ಹಬ್ಬದ ಊಟಕ್ಕೆ ಬಂದಿದ್ದ ಮಾವ ಶಂಭುಲಿಂಗಯ್ಯ ಎಲೆ ಅಡಿಕೆ ಹಾಕಿಕೊಳ್ಳುತ್ತ ಒಂದು ಮಾತು ಆಡದೇ ಇದ್ದಿದ್ದರೆ ರುದ್ರೇಶ ನೆಮ್ಮದಿಯಾಗಿಯೇ ಇರುತ್ತಿದ್ದ.

"ಅಲ್ಲ ಅಳಿಯಂದ್ರೆ, ಊರಿನ ಫ್ಲೆಕ್ಸೆಲ್ಲ ನೀವೇ ಮಾಡೋದಂತೆ. ಬಸ್‌ಸ್ಟ್ಯಾಂಡಿಂದ ಇಲ್ಲೀಗಂಟ ನೋಡ್ಕಂಡೇ ಬಂದೆ, ಒಂದ್ರಲ್ಲೂ ನಿಮ್ಮ ಮುಖ ಕಾಣ್ಲಿಲ್ವಲ್ಲ. ನಮ್ಮ ತುರುವೇಕೆರೆ ಅಳಿಯಂದ್ರನ್ನ ನೋಡಿ, ಗಣೇಶನ ಫ್ಲೆಕ್ಸಲ್ಲಿ ಗಣೇಶನಿಗಿಂತ ದಪ್ಪಕವ್ರೆ."

ಮಾವ ಶೆಟ್ಟಿಕೆರೆ ಬಸ್ಸು ಹತ್ತಿ ಹೋದರು. ಮಾತು ಮಾತ್ರ ಮನೆಯಲ್ಲೇ ಉಳಿಯಿತು. ಹೆಂಡತಿ ಭಾನುಪ್ರಿಯಾ ಅದನ್ನು ಬೆಳಗಿನ ಕಾಫಿಗೂ ರಾತ್ರಿಯ ಮುದ್ದೆಗೂ ನೆಂಚಿಕೊಳ್ಳಲು ಬಡಿಸತೊಡಗಿದಳು.

ರುದ್ರೇಶ ನೊಣವಿನಕೆರೆಯಿಂದ ಒಂದೇ ಸ್ಟಾಪು ಆಚೆಗಿರುವ ಊರಿನಲ್ಲಿ ತೆಂಗು ಬೆಳೆಗಾರರ ಸಂಘದ ಗುಮಾಸ್ತ. ಸಂಘದ ಲ್ಯಾಪ್‌ಟಾಪು ಅವನ ಕೈಯಲ್ಲಿದ್ದದ್ದರಿಂದ ಊರಿನ ಫ್ಲೆಕ್ಸುಗಳೂ ಅವನ ಕೊರಳಿಗೇ ಬಿದ್ದಿದ್ದವು. ಹುಟ್ಟುಹಬ್ಬವೋ ಸ್ವಾಗತವೋ ಅಭಿನಂದನೆಯೋ, ಯಾವುದಾದರೂ ಸರಿ, ಕೆಳಗಿನ ಸಾಲಿನಲ್ಲಿ ಯಾರ ಮುಖ ಎಲ್ಲಿರಬೇಕು, ಎಷ್ಟು ದಪ್ಪ ಇರಬೇಕು ಅನ್ನುವುದು ಈ ಸೀಮೆಯಲ್ಲಿ ಹುಡುಗಾಟದ ವಿಷಯವಲ್ಲ. ಅದಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಅಂಥ ಕಷ್ಟದ ಕೆಲಸವನ್ನು ವರ್ಷಗಟ್ಟಲೆ ಮಾಡಿದ ರುದ್ರೇಶನ ಮುಖ ಮಾತ್ರ ಯಾವ ಸಾಲಿನಲ್ಲೂ ಇರಲಿಲ್ಲ. ಯಾರೂ ಹಾಕಿಕೋ ಅನ್ನಲಿಲ್ಲ, ಇವನೂ ಕೇಳಲಿಲ್ಲ.

ಹೀಗಿರುವಾಗ ಒಂದು ದಿನ ಸಂಜೆ ಸಂಘದ ಹೊಸ ಕಟ್ಟಡದ ಉದ್ಘಾಟನೆ, ಜೊತೆಗೆ ಹೊಸ ಅಧ್ಯಕ್ಷ ಗೋವಿಂದಯ್ಯನವರಿಗೆ ಸನ್ಮಾನ. ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ರುದ್ರೇಶ ಘೋಷಿಸಿಬಿಟ್ಟ.

"ಇವತ್ತಿನ ಫ್ಲೆಕ್ಸಲ್ಲಿ ನಾನೂ ಇರ್ತೀನಿ ಕಣೇ. ಮೂಲೇಲಲ್ಲ, ಅಧ್ಯಕ್ಷರ ಪಕ್ಕದಲ್ಲೇ."

ಭಾನುಪ್ರಿಯಾ ಆಗಲೇ ಅಪ್ಪನಿಗೆ ಫೋನ್ ಹಚ್ಚಿದ್ದಳು. "ಸಾಯಂಕಾಲ ತಪ್ಪದೆ ಬನ್ನಿ ಅಪ್ಪಾಜಿ. ನಿಮ್ಮಳಿಯಂದ್ರ ಮುಖ ಸಂಘದ ಬಾಗ್ಲ ಮೇಲೇ ಇರ್ತದೆ."

ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ. ರುದ್ರೇಶನಿಗೆ ಸರಿಯುವ ಯೋಚನೆಯೂ ಇರಲಿಲ್ಲ.

ಅವನು ಫ್ಲೆಕ್ಸು ಮಾಡುವುದು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಡಿಸೈನ್ ಆಪಿನಲ್ಲಿ. ಕಚೇರಿಗೆ ಹೋದವನೇ ಹಿಂದೆ ತೆಂಗಿನ ತೋಟ ಹರಡಿದ, ಮೇಲೆ ಸಂಘದ ಹೆಸರು ಬರೆದ, ನಡುವೆ ಕೈಮುಗಿದ ಗೋವಿಂದಯ್ಯನವರನ್ನು ನಿಲ್ಲಿಸಿದ, ಕೆಳಗೆ ನಿರ್ದೇಶಕರನ್ನೆಲ್ಲ ಸಾಲಾಗಿ ಕೂರಿಸಿದ. ಎಲ್ಲ ಸೊಗಸಾಗಿಯೇ ಇತ್ತು. ಆಮೇಲೆ, ಒಂದು ಸಲ ತೋರಿಸಿಬಿಡೋಣ ಎಂದು ನಿರ್ದೇಶಕರ ವಾಟ್ಸಾಪ್ ಗುಂಪಿಗೆ ಲಿಂಕು ಹಾಕಿದ. ನೋಡಲಿಕ್ಕೆ ಮಾತ್ರ ಬಿಡುವ ಲಿಂಕು ಒಂದಿದೆ, ತಿದ್ದಲಿಕ್ಕೂ ಬಿಡುವ ಲಿಂಕು ಇನ್ನೊಂದಿದೆ. ಆತುರದಲ್ಲಿ ಅವನು ಕಳಿಸಿದ್ದು ಎರಡನೆಯದು.

ಕಾಫಿ ಕುಡಿದು ಬರುವಷ್ಟರಲ್ಲಿ ಫ್ಲೆಕ್ಸಿನ ಮುಖಗಳು ತಾವಾಗಿಯೇ ಓಡಾಡುತ್ತಿದ್ದವು. ಉಪಾಧ್ಯಕ್ಷ ಶಿವಣ್ಣನ ಮುಖವಂತೂ ಹೋಟೆಲಿನ ಪೂರಿಯ ಹಾಗೆ ಉಬ್ಬುತ್ತಿತ್ತು. ಅಷ್ಟರಲ್ಲಿ ಅವನದೇ ಫೋನು ಬಂತು.

"ರುದ್ರೇಶಾ, ಇದು ಬಲೇ ಚೆನ್ನಾಗೈತೆ ಕಣ್ಲಾ. ಬೆಳ್ಳಲ್ಲಿ ಎಳುದ್ರೆ ಸಾಕು, ನಾನು ದೊಡ್ಡೋನಾಯ್ತೀನಿ."

"ಅಣ್ಣಾ, ಕೈ ತೆಗೀರಿ. ಅದು ನೋಡೋಕೆ ಕಳಿಸಿದ್ದು."

"ನೋಡ್ತಾನೇ ಅವ್ನಿ ಬುಡು."

ಇತ್ತ ನಿರ್ದೇಶಕಿ ಬೋರಮ್ಮ ಫೋನು ಹಿಡಿದುಕೊಂಡು ಕಚೇರಿಗೇ ಬಂದರು. ಅವರ ತೋಟಕ್ಕೂ ಶಿವಣ್ಣನ ತೋಟಕ್ಕೂ ಒಂದೇ ಬೇಲಿ.

"ನೋಡಪ್ಪ ಇಲ್ಲಿ, ನನ್ನ ಕೆನ್ನೆ ಮೇಲೆ ಶಿವಣ್ಣನ ಭುಜ ಬಂದೈತೆ. ತೋಟದಲ್ಲಿ ಒತ್ತುವರಿ ಮಾಡಿದ್ದು ಸಾಲ್ದು ಅಂತ ಫ್ಲೆಕ್ಸಲ್ಲೂ ಶುರು ಮಾಡವ್ನೆ."

"ಅದಕ್ಯಾಕೆ ಯೋಚ್ನೆ ಬೋರಮ್ಮಾರೆ, ಒಂದು ಗುಂಡಿ ಒತ್ತಿದ್ರೆ ನೀವೇ ಮುಂದಕ್ಕೆ ಬತ್ತೀರ," ಎಂದು ರುದ್ರೇಶ ಒತ್ತಿದ. ಬೋರಮ್ಮ ಮುಂದೆ ಬಂದರು. ಅವರ ಸೆರಗಿನಡಿ ಶಿವಣ್ಣನ ಕಿವಿ ಮಾಯವಾಯಿತು. ಕಿವಿಯ ಯಜಮಾನ ಮತ್ತೆ ಫೋನು ಮಾಡಿದ.

ಸಾಕು, ತಿದ್ದುವುದನ್ನೇ ಬಂದ್ ಮಾಡುತ್ತೇನೆ ಎಂದು ರುದ್ರೇಶ ಗುಂಪಿನಲ್ಲಿ ಬರೆದ. ನಿರ್ದೇಶಕರು ಒಟ್ಟಾಗಿ ಅವನ ಮೇಲೆ ಬಿದ್ದರು. ನಮ್ಮ ಮುಖ ನಾವು ಮುಟ್ಟೋಕೆ ಗುಮಾಸ್ತನ ಅಪ್ಪಣೆ ಬೇಕಾ ಎಂದು ಶಿವಣ್ಣ ಕೇಳಿದ. ಕೇಳಿದ ಪ್ರಶ್ನೆಗೆ ಕೈಮುಗಿದಿರುವ ಚಿತ್ರ ಕಳಿಸಿ ರುದ್ರೇಶ ಸುಮ್ಮನಾದ.

ಸುಮ್ಮನಾದ ಅಂದರೆ ಸೋತ ಅಂತಲ್ಲ. ಆ ಆಪಿನಲ್ಲಿ 'ಗ್ರೂಪ್' ಅಂತ ಒಂದು ಉಪಾಯವಿದೆ. ಬೇಕಾದ ಚಿತ್ರಗಳನ್ನೆಲ್ಲ ಆರಿಸಿ ಆ ಗುಂಡಿ ಒತ್ತಿದರೆ ಮುಗಿಯಿತು, ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಒಂದು ಹೋದ ಕಡೆ ಇನ್ನೊಂದೂ ಹೋಗಬೇಕು. ರುದ್ರೇಶ ನಿರ್ದೇಶಕರ ಸಾಲನ್ನು ಪೂರ್ತಿ ಗ್ರೂಪ್ ಮಾಡಿಬಿಟ್ಟ. ಬೋರಮ್ಮ ತಮ್ಮ ಮುಖವನ್ನು ಸ್ವಲ್ಪ ಮೇಲಕ್ಕೆಳೆದರೆ ಆಡಳಿತ ಮಂಡಳಿಯೇ ಎದ್ದು ಗೋವಿಂದಯ್ಯನವರ ಎದೆಯ ಮೇಲೆ ಕೂತಿತು. ಗಾಬರಿಯಾಗಿ ಅವರೇ ಕೆಳಗಿಳಿಸಿದರು. ಶಿವಣ್ಣ ತನ್ನ ಮುಖ ಹಿಗ್ಗಿಸಿದ, ಎಲ್ಲರೂ ಸಮನಾಗಿ ಹಿಗ್ಗಿದರು. ಶಿವಣ್ಣ ತನ್ನದನ್ನು ಮಾತ್ರ ನೋಡಿಕೊಂಡು ತೃಪ್ತನಾದ. ಗುಂಪಿನಲ್ಲಿ ಶಾಂತಿ ನೆಲೆಸಿತು.

ಈಗ ರುದ್ರೇಶ ಕೋಟು ಹಾಕಿಕೊಂಡು ತೆಗೆಸಿದ್ದ ತನ್ನ ಫೋಟೋವನ್ನು ತಂದು ಅಧ್ಯಕ್ಷರ ಬಲಗಡೆ ಇಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಮೂಲೆಗೆ, ಪ್ರಿಂಟಿಂಗ್ ಅಂಗಡಿಯ ಫೋನ್ ನಂಬರಿನ ಪಕ್ಕಕ್ಕೆ ಹೋಯಿತು. ವಾಪಸು ತಂದ. ಈ ಸಲ ತೆಂಗಿನಮರದ ಹಿಂದಕ್ಕೆ ಹೋಗಿ ಬರೀ ಹಣೆ ಕಾಣಿಸಿತು. ಯಾವ ನಿರ್ದೇಶಕರ ಬೆರಳು ಅಂತ ಗೊತ್ತಾಗಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಮಾವ ಬೇರೆ ಮಧ್ಯಾಹ್ನದ ಬಸ್ಸಿಗೆ ಹೊರಡುವವರಿದ್ದರು.

ಇಂಥ ಸಂಕಟದಲ್ಲೇ ರುದ್ರೇಶನ ತಲೆ ಓಡುವುದು. ತನ್ನ ಫೋಟೋವನ್ನೂ ಗೋವಿಂದಯ್ಯನವರ ಫೋಟೋವನ್ನೂ ಒಟ್ಟಿಗೆ ಆರಿಸಿ ಗ್ರೂಪ್ ಮಾಡಿಬಿಟ್ಟ. ಇನ್ನು ಇವನನ್ನು ತಳ್ಳಬೇಕಾದರೆ ಅಧ್ಯಕ್ಷರನ್ನೂ ತಳ್ಳಬೇಕು. ಅಷ್ಟು ಗುಂಡಿಗೆ ಯಾವ ನಿರ್ದೇಶಕನಿಗಿತ್ತು? ಸ್ವಲ್ಪ ಹೊತ್ತಿಗೆ ಯಾರೋ ಬಂದು ರುದ್ರೇಶನನ್ನು ಎಳೆದರು. ಜೊತೆಗೆ ಅಧ್ಯಕ್ಷರೂ ಅಲುಗಾಡಿದರು. ಎಳೆದವರು ಗಡಬಡಿಸಿ ಇದ್ದಲ್ಲೇ ಇಟ್ಟು ಓಡಿಹೋದರು. ರುದ್ರೇಶ ಒಬ್ಬನೇ ಕೂತು ಮನಸಾರೆ ನಕ್ಕ.

ತಿಪಟೂರಿನ ಪ್ರಿಂಟಿಂಗ್ ಅಂಗಡಿಗೆ ಫೋನು ಮಾಡಿ, "ಊಟ ಮುಗಿಸ್ಕಂಡು ಲಿಂಕಿಂದ ಇಳಿಸ್ಕಳಿ, ಪ್ರಿಂಟ್ ಹಾಕಿ ಬಸ್ಸಿಗೆ ಕೊಟ್ಟು ಕಳ್ಸಿ," ಎಂದು ಹೇಳಿದ. ಆಮೇಲೆ ಲ್ಯಾಪ್‌ಟಾಪು ಮುಚ್ಚಿ, ಗಡ್ಡ ಹೆರೆಸಿಕೊಂಡು ಮನೆಗೆ ಹೋದ.

ಸಂಜೆ ಕಂಡಕ್ಟರು ಕೊಟ್ಟ ಸುರುಳಿಯನ್ನು ಬಿಚ್ಚದೆ ಹಾಗೆಯೇ ಬಾಗಿಲ ಮೇಲೆ ಕಟ್ಟಿಸಿದ್ದು ರುದ್ರೇಶನೇ. ಅಧ್ಯಕ್ಷರು ದಾರ ಎಳೆಯಬೇಕು, ಫ್ಲೆಕ್ಸು ಎಲ್ಲರೆದುರಿಗೆ ಇಳಿಯಬೇಕು, ಮಾವನ ಕಣ್ಣು ಅದರ ಮೇಲೆ ಬೀಳಬೇಕು. ಶಂಭುಲಿಂಗಯ್ಯನವರ ಬಸ್ಸು ಮಾತ್ರ ಇನ್ನೂ ಬಂದಿರಲಿಲ್ಲ.

ಗೋವಿಂದಯ್ಯ ದಾರ ಎಳೆದರು. ಫ್ಲೆಕ್ಸು ಜರ್ರನೆ ಇಳಿಯಿತು. ಜನ ಚಪ್ಪಾಳೆ ತಟ್ಟಿದರು.

ಫ್ಲೆಕ್ಸಿನ ನಡುವೆ ನಿಂತಿದ್ದ ಗೋವಿಂದಯ್ಯ ಬೆಳಗಿನ ಗೋವಿಂದಯ್ಯ ಅಲ್ಲ. ಮೈಸೂರು ಪೇಟ, ಜರಿ ಶಾಲು, ಹೊಸ ನಗೆ. ಅವರ ಬಲಗಡೆ, ರುದ್ರೇಶ ಇರಬೇಕಾದ ಜಾಗದಲ್ಲಿ, ಅವನ ಮುಖದಷ್ಟೇ ದಪ್ಪದ ಒಂದು ತೆಂಗಿನಕಾಯಿ ಇತ್ತು. ನಾರೆಲ್ಲ ಸುಲಿದು ಜುಟ್ಟು ಮಾತ್ರ ಬಿಟ್ಟ ಪೂಜೆಯ ಕಾಯಿ.

"ಚೆನ್ನಾಗೈತಾ ರುದ್ರೇಶಪ್ಪ?" ಎಂದು ಅಧ್ಯಕ್ಷರ ಹೆಂಡತಿ ಶಾಂತಕುಮಾರಿ ಹತ್ತಿರ ಬಂದರು. "ನೀನು ಹಾಕಿದ್ ಫೋಟೋದಲ್ಲಿ ನಮ್ಮನೆಯವ್ರ ಹೊಟ್ಟೆ ಕಾಣ್ತಿತ್ತು. ಮಧ್ಯಾಹ್ನ ಇವ್ರು ಮಲಗಿದ್ರಾ, ಇವ್ರ ಫೋನಲ್ಲೇ ಅದನ್ನ ಅಳಿಸಿ ಬೇರೆ ಹಾಕ್ದೆ. ಅಳಿಸ್ವಾಗ ಜೊತೇಲಿ ಇನ್ನೊಂದೇನೋ ಹೋಯ್ತು. ಏನೋ ಬ್ಯಾಡದ್ದು ಇರ್ಬೇಕು ಅಂತ ಬುಟ್ಟೆ. ಪಕ್ಕ ಬೋಳು ಬೋಳಾಗಿ ಕಾಣ್ತಿತ್ತಲ್ಲ, ಸಂಘಕ್ಕೆ ಹೊಂದ್ಕಳ್ಳಿ ಅಂತ ಒಂದು ಕಾಯಿ ಇಟ್ಟೆ."

"ಚೆನ್ನಾಗೈತೆ ಕಣಮ್ಮ," ಎಂದ ರುದ್ರೇಶ. ಭಾನುಪ್ರಿಯಾ ಒಮ್ಮೆ ಫ್ಲೆಕ್ಸು ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು.

ಆ ಹೊತ್ತಿಗೆ ಸರಿಯಾಗಿ ಶಂಭುಲಿಂಗಯ್ಯ ಬೆವರು ಒರೆಸಿಕೊಳ್ಳುತ್ತ ಬಂದರು. ಬಸ್ಸು ಹಿಡಿಯುವ ಆತುರದಲ್ಲಿ ಕನ್ನಡಕ ಮನೆಯಲ್ಲೇ ಉಳಿದಿತ್ತು. ಹುಬ್ಬಿಗೆ ಕೈ ಅಡ್ಡ ಹಿಡಿದು ತಲೆಯೆತ್ತಿ ಬಹಳ ಹೊತ್ತು ದಿಟ್ಟಿಸಿದರು. ಅವರ ಮುಖ ಅರಳಿತು.

"ಕಂಡೆ ಕಂಡೆ. ಅಧ್ಯಕ್ಷರ ಪಕ್ಕದಲ್ಲೇ. ಏನು ದುಂಡಗೆ, ಎಷ್ಟು ಲಕ್ಷಣವಾಗಿ ಬಂದಿದೀರ ಅಳಿಯಂದ್ರೆ."

ರುದ್ರೇಶ ಬಾಯಿ ತೆಗೆಯುವಷ್ಟರಲ್ಲಿ ಭಾನುಪ್ರಿಯಾ ಅವನ ಕಾಲು ತುಳಿದಳು. "ಹೂಂ ಅಪ್ಪಾಜಿ, ಇವ್ರೇ," ಎಂದಳು.

"ಹೂಂ ಮಾವ, ನಾನೇ," ಎಂದ ರುದ್ರೇಶ.

ಮಾವ ಮತ್ತೊಮ್ಮೆ ಮೇಲೆ ನೋಡಿದರು. ಅರಳಿದ ಮುಖ ನಿಧಾನವಾಗಿ ಬಾಡಿತು.

"ತಲೆ ಬೋಳಿಸ್ಕಂಡು ಜುಟ್ಟು ಬೇರೆ ಬಿಟ್ಟಿದೀರಲ್ಲ. ಯಾವಾಗ ಇದು?"

ರುದ್ರೇಶ ಹೆಂಡತಿಯ ಕಡೆ ನೋಡಿದ. ಹೆಂಡತಿ ಫ್ಲೆಕ್ಸಿನ ಕಡೆ ನೋಡುತ್ತಿದ್ದಳು.

"ಹೋದ ವರ್ಷ ಮಾವ. ಮಾದಪ್ಪನ ಬೆಟ್ಟಕ್ಕೆ ಹೋಗಿದ್ದೆ, ಮುಡಿ ಕೊಡೋಕೆ. ಆಮೇಲೆ ಕೂದ್ಲು ಬಂತು."

"ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದ್ರಿ, ನಮಗೊಂದು ಮಾತು ಹೇಳ್ಲಿಲ್ಲ. ನಿಮ್ಮತ್ತೆ ಕಾಲುನೋವಲ್ಲಿ ಬೆಟ್ಟಕ್ಕೆ ಹೋಗೋಕಾಗ್ದೆ ಪ್ರಸಾದ ಆದ್ರೂ ಸಿಕ್ಕಿದ್ರೆ ಅಂತ ಕಾಯ್ತಾ ಅವ್ಳೆ. ಒಂದು ಲಾಡು ಕಳಿಸ್ಬೇಕು ಅನ್ನುಸ್ಲಿಲ್ವಾ ನಿಮಗೆ?" ಶಂಭುಲಿಂಗಯ್ಯನವರ ದನಿ ಏರಿತು. ಸುತ್ತ ನಿಂತವರೆಲ್ಲ ರುದ್ರೇಶನ ಕಡೆ ತಿರುಗಿದರು.

"ಕಳ್ಸೋಕಾಗ್ಲಿಲ್ಲ ಮಾವ. ಮನೇಲಿ ಎತ್ತಿಟ್ಟಿದೀನಿ. ನೀವು ಹೊರಡೋ ಹೊತ್ತಿಗೆ ಕೈಗೇ ಕೊಡ್ತೀನಿ."

ಹಾಗಾಗಿ ಗೋವಿಂದಯ್ಯನವರ ಸನ್ಮಾನವನ್ನು ರುದ್ರೇಶ ನೋಡಲಿಲ್ಲ. ವೇದಿಕೆಯ ಮೇಲೆ ಶಾಲು ಹೊದಿಸುವ ಹೊತ್ತಿಗೆ ಅವನು ಸ್ಕೂಟರಿನಲ್ಲಿ ತಿಪಟೂರಿನ ದಾರಿಯಲ್ಲಿದ್ದ. ಬೇಕರಿ ಬಾಗಿಲು ಹಾಕುವುದರೊಳಗೆ ಹೋದ ವರ್ಷದ ಲಾಡು ತರಬೇಕಾಗಿತ್ತು.