ಹೇಳಿದಷ್ಟೇ ಮಾಡುವ ಮಾವ

‘ನಮ್ಮ ಮನೆಯ ಹುಡುಗಿ ಯಂತ್ರಕ್ಕೆ ಪಾಠ ಹೇಳುದಾ? ಈ ಜನ್ಮದಲ್ಲಿ ಆಗುದಲ್ಲ, ಬೇಕಾದ್ರೆ ಬರೆದಿಟ್ಟುಕೋ!’ ಎಂದವರು ನನ್ನ ದೊಡ್ಡಪ್ಪ. ಆ ಮನೆಯಲ್ಲಿ ಸಹಿಗಿಂತ ಹೆಚ್ಚು ಬರೆಯಲು ಬರುತ್ತಿದ್ದದ್ದು ನನಗೊಬ್ಬಳಿಗೇ. ಹಾಗಾಗಿ ಬರೆದಿಡುತ್ತಿದ್ದೇನೆ.

ದೊಡ್ಡಪ್ಪನಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಪುತ್ತೂರಿನವರು ಕಂಪ್ಯೂಟರನ್ನು ಕಣ್ಣಿಂದ ನೋಡುವ ಎಷ್ಟೋ ಮೊದಲೇ ಇಚಿಲಂಪಾಡಿಯ ನಮ್ಮ ಮನೆಯಲ್ಲಿ ಒಂದು ಇತ್ತು! ಅದು ನಸ್ಯ ಏರಿಸುತ್ತಿತ್ತು, ಸೀನುತ್ತಿತ್ತು, ಮೂಲೆಯಲ್ಲಿ ಕೂತು ಗಂಜಿ ಉಣ್ಣುತ್ತಿತ್ತು. ಅದು ನನ್ನ ಸೋದರಮಾವ.

ಮಾವ ಹೇಳಿದಷ್ಟನ್ನೇ ಮಾಡುವವರು. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅಜ್ಜಿ ತೀರಿಕೊಂಡ ದಿನ ಯಾರೋ ಅವರಿಗೆ, ‘ತಲೆಯ ಹತ್ತಿರ ದೀಪ ನೋಡ್ತಾ ಕೂತಿರು’ ಎಂದರು. ಕೂತರು. ಹೆಣ ಎತ್ತಿದರು, ಹೆಂಗಸರು ಕೂಗಿಟ್ಟರು, ಗಂಡಸರೆಲ್ಲ ಸುಡುಗಾಡಿಗೆ ಹೋಗಿ ಮಿಂದು ಒದ್ದೆ ಬಟ್ಟೆಯಲ್ಲಿ ತಿರುಗಿ ಬಂದರು. ಮಾವ ಅಲ್ಲೇ! ಅಜ್ಜಿಯಿಲ್ಲದ ಜಾಗದಲ್ಲಿ ಅಜ್ಜಿಯ ತಲೆಯನ್ನು ಕಾಯುತ್ತಾ ಕೂತಿದ್ದಾರೆ.

‘ಎಂತ ಮಾರಾಯಾ, ಇನ್ನೂ ಎದ್ದಿಲ್ವಾ?’ ಎಂದು ದೊಡ್ಡಪ್ಪ ಗದರಿದರು.

‘ಕೂತಿರು ಹೇಳಿದ್ದು. ಏಳು ಅಂತ ಯಾರೂ ಹೇಳ್ಲಿಲ್ಲ.’

ಸೂತಕದ ಮನೆಯಲ್ಲಿ ನಗಬಾರದು. ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಬಂದವರು ಅಳು ಎಂದುಕೊಂಡರು.

ಇನ್ನೊಮ್ಮೆ ನನ್ನನ್ನು ನೋಡಲು ಸುಳ್ಯದ ಕಡೆಯಿಂದ ಗಂಡು ಬರುವುದಿತ್ತು. ದಾರಿ ತೋರಿಸಿ ಕರೆತರಲು ದೊಡ್ಡಪ್ಪ ಮಾವನನ್ನು ಕಡಬಕ್ಕೆ ಅಟ್ಟಿದರು: ‘ಮಧ್ಯಾಹ್ನದ ಬಸ್ಸು ಬರುವ ತನಕ ನಿಂತುಕೋ.’ ಬಸ್ಸು ಬಂತು. ಗಂಡು ಬರಲಿಲ್ಲ. ಮಾವ ಮನೆಗೆ ಬಂದರು. ಗಂಡು ಮುಂದಿನ ಬಸ್ಸಿನಲ್ಲಿ ಇಳಿದು, ದಾರಿ ತಿಳಿಯದೆ ಬಿಸಿಲಲ್ಲಿ ಬೆಂದು, ನಮ್ಮ ಮನೆತನಕ್ಕೇ ಶಾಪ ಹಾಕಿ ಹಿಂದೆ ಹೋದನಂತೆ!

‘ಬಸ್ಸು ಬರುವ ತನಕ ಹೇಳಿದ್ದು,’ ಎಂದರು ಮಾವ. ‘ಗಂಡು ಬರುವ ತನಕ ಹೇಳ್ಲಿಲ್ಲಲ್ಲ?’

ನಾನು ಆ ದಿನ ಮಾವನಿಗೆ ಎರಡು ಸೌಟು ಪಾಯಸ ಹೆಚ್ಚೇ ಬಡಿಸಿದೆ. ಗಂಡಿಗೆಂದು ಮಾಡಿದ್ದು, ಹಾಳು ಮಾಡುವುದೇಕೆ?

ನಗು ಬಂತೇ? ನಮಗೂ ಬರುತ್ತಿತ್ತು. ಆದರೆ ಮಾವ ಹುಟ್ಟುವಾಗಲೇ ಹೀಗಿದ್ದವರಲ್ಲ. ಒಂದು ಕಾಲಕ್ಕೆ ಊರಿಗೆ ಊರೇ ಅವರ ಮಾತು ಕೇಳುತ್ತಿತ್ತಂತೆ. ಮಳೆ ಯಾವಾಗ, ದನ ಕರು ಹಾಕುವುದು ಯಾವಾಗ, ಹೊಳೆಯಲ್ಲಿ ನೀರೆಷ್ಟು, ಎಲ್ಲದಕ್ಕೂ ಅವರೇ. ನಾನು ಸಣ್ಣವಳಿದ್ದಾಗ ಒಂದು ಮಳೆಗಾಲ ಅಪ್ಪ ಮತ್ತು ಮಾವ ಹೊಳೆಯ ದಡಕ್ಕೆ ಬಂದರು. ದೋಣಿ ಇರಲಿಲ್ಲ. ಮಾವ ನೀರು ನೋಡಿ ಹೇಳಿದರು: ‘ನೀರು ಇಳಿದುಂಟು. ದಾಟಿ ಭಾವ.’

ಅಪ್ಪ ಇಳಿದರು. ಮತ್ತೆ ಸಿಕ್ಕಿದ್ದು ಕೆಳಗೆ, ಉಪ್ಪಿನಂಗಡಿಯಲ್ಲಿ.

ಅಂದಿನಿಂದ ಮಾವ ನಮ್ಮ ಮನೆಯಲ್ಲೇ ಉಳಿದರು. ಹೇಳಿದ ಕೆಲಸ ಮಾಡಿದರು. ಸ್ವಂತದ್ದೊಂದು ಮಾತು ಅವರ ಬಾಯಿಂದ ಬರಲಿಲ್ಲ. ಉಪ್ಪು ಸಾಕಾ ಎಂದು ಕೇಳಿದರೂ, ‘ನೀವು ಹೇಳಿದ ಹಾಗೆ’. ಅಮ್ಮ ತಮ್ಮನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೋ ಏನೋ.

ನಾನು ಬಿ.ಎಸ್ಸಿ. ಪಾಸಾದೆ. ನಮ್ಮ ವಂಶದಲ್ಲಿ ಮೊದಲು. ಇದನ್ನು ಹೇಳುವಾಗ ಈಗಲೂ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ, ಕ್ಷಮಿಸಿ. ಆ ರಜೆಯಲ್ಲಿ ಪುತ್ತೂರಿನ ನಮ್ಮ ಲೆಕ್ಕದ ಸರ್, ಬೊಂಬಾಯಿಯಲ್ಲಿ ಕಂಪ್ಯೂಟರ್ ನೋಡಿ ಬಂದವರು, ಅದಕ್ಕೆ ಹೇಳಿಕೊಡುವ ಹೊಸ ಭಾಷೆಯೊಂದರ ತರಗತಿ ಇಟ್ಟರು. ಪಾಸಾದವರಿಗೆ ಸರ್ಟಿಫಿಕೇಟು, ಒಬ್ಬರಿಗೆ ಕಾಲೇಜಿನಲ್ಲೇ ಟ್ಯೂಟರ್ ಕೆಲಸ. ‘ಸರ್ಟಿಫಿಕೇಟು ತಾ, ಮತ್ತೆ ನೋಡುವ. ಇಲ್ಲದಿದ್ರೆ ಮದುವೆ’ ಎಂದರು ದೊಡ್ಡಪ್ಪ.

ಯಂತ್ರವೇ ಇಲ್ಲದೆ ಯಂತ್ರದ ಭಾಷೆ! ಕರಿಹಲಗೆಯ ತುಂಬ ಕಂಸಗಳು, ತೆರೆದವು, ಮುಚ್ಚಿದವು. ಆ ಭಾಷೆಯಲ್ಲಿ ಎಲ್ಲವೂ ಫಂಕ್ಷನ್: ಇಷ್ಟು ಕೊಟ್ಟರೆ ಇಷ್ಟು ಬರಬೇಕು, ಇವತ್ತು ಕೊಟ್ಟರೂ ಅದೇ, ನಾಳೆ ಕೊಟ್ಟರೂ ಅದೇ. ಒಂದು ಹೆಸರಿಗೆ ಒಮ್ಮೆ ಬೆಲೆ ಕಟ್ಟಿದರೆ ನಡುವೆ ಬದಲಿಸುವ ಹಾಗಿಲ್ಲ. ಆ ಭಾಷೆಯಲ್ಲಿ ನನ್ನ ದೊಡ್ಡಪ್ಪ ಅರ್ಧ ದಿನ ಬಾಳುವವರಲ್ಲ! ಇನ್ನೊಂದು ವಿಚಿತ್ರವೆಂದರೆ, ಒಂದು ಫಂಕ್ಷನ್ ತನ್ನ ಕೆಲಸಕ್ಕೆ ತನ್ನನ್ನೇ ಮತ್ತೆ ಕರೆಯಬಹುದು. ಅದು ಮಾತ್ರ ನನ್ನ ತಲೆಗೆ ಹತ್ತಲಿಲ್ಲ.

ಮನೆಗೆ ಬಂದು ಮಾವನ ಮುಂದೆ ಹಲಸಿನ ಬೀಜದ ರಾಶಿ ಹಾಕಿದೆ. ‘ಮಾವ, ಇದರಲ್ಲಿ ಎಷ್ಟುಂಟು ಹೇಳ್ಬೇಕು. ನಾನು ಹೇಳಿದ ಹಾಗೆಯೇ ಮಾಡಿ. ಒಂದು ಬೀಜ ಬದಿಗಿಡಿ. ಉಳಿದ ರಾಶಿಗೂ ಹೀಗೇ ಮಾಡಿ. ಬಂದ ಉತ್ತರಕ್ಕೆ ಒಂದು ಸೇರಿಸಿ.’

ಮಾವ ಒಂದು ಬೀಜ ಇಟ್ಟರು. ಮತ್ತೊಂದು. ಮತ್ತೊಂದು. ನಾನು ನೀರು ಸೇದಿ ಬರುವಷ್ಟರಲ್ಲಿ ರಾಶಿ ಖಾಲಿ. ಮಾವ ಸೆಗಣಿ ಸಾರಿಸಿದ ನೆಲವನ್ನು ಉಗುರಿನಿಂದ ಕೆರೆಯುತ್ತಿದ್ದಾರೆ! ಉಗುರ ಸಂದಿಯಲ್ಲಿ ರಕ್ತ.

‘ಎಂತ ಮಾಡ್ತಿದ್ದೀರಿ ಮಾವ?’

‘ಒಂದು ಬದಿಗಿಡಿ ಹೇಳಿದ್ದಿ. ಇಲ್ಲಿ ಒಂದೂ ಇಲ್ಲ. ಹುಡುಕ್ತಾ ಇದ್ದೇನೆ.’

‘ಪಾಪದವನನ್ನು ಕೊಲ್ತೀಯಾ ನೀನು?’ ಎಂದು ಅಮ್ಮ ಒಳಗಿಂದ ಕೂಗಿದಳು.

ನನಗೆ ಅರ್ಥವಾಯಿತು. ಎಲ್ಲಿ ನಿಲ್ಲಬೇಕು ಎಂದು ನಾನು ಹೇಳಿರಲೇ ಇಲ್ಲ. ಕೈ ತೊಳೆಸಿ, ಅರಸಿನ ಹಚ್ಚಿ, ಮತ್ತೆ ಕೂರಿಸಿದೆ. ‘ಮೊದಲು ಇದು ಕೇಳಿ ಮಾವ. ರಾಶಿಯಲ್ಲಿ ಏನೂ ಇಲ್ಲದಿದ್ರೆ ಸೊನ್ನೆ ಹೇಳಿ. ಅಲ್ಲಿಗೆ ಮುಗಿಯಿತು. ಮತ್ತೆ ತಿರುಗಿ ಬನ್ನಿ.’

ಈ ಸಲ ಖಾಲಿ ನೆಲ ಮುಟ್ಟಿದ ಮಾವ ‘ಸೊನ್ನೆ’ ಎಂದರು. ಆಮೇಲೆ ಬದಿಗಿಟ್ಟ ಬೀಜಗಳನ್ನು ಒಂದೊಂದಾಗಿ ಹಿಂದಕ್ಕೆ ತರುತ್ತಾ, ಒಂದು, ಎರಡು, ಮೂರು ಎನ್ನುತ್ತಾ, ಪೂರ್ತಿ ರಾಶಿಯೊಂದಿಗೆ ತಿರುಗಿ ಬಂದರು. ಲೆಕ್ಕ ಸರಿ!

ಅವರು ಕೊನೆಯ ಬೀಜವನ್ನು ರಾಶಿಯ ಮೇಲೆ ಒತ್ತಿ ಕೂರಿಸಿದರು. ‘ಮುಗಿಯಿತು ಅಂತ ಯಾರಾದ್ರೂ ಹೇಳ್ಬೇಕು, ಅಲ್ವಾ ಮಗಳೇ?’

‘ಹೌದು ಮಾವ,’ ಎಂದೆ. ಅವರು ಬೀಜದ ವಿಷಯ ಹೇಳುತ್ತಿದ್ದಾರೆಂದೇ ನಾನು ತಿಳಿದದ್ದು.

ಪರೀಕ್ಷೆಯಲ್ಲಿ ಎಲ್ಲ ಹುಡುಗರೂ ಕೆಲಸದಿಂದ ಶುರುಮಾಡಿದರು. ನಾನು ನಿಲ್ಲುವ ಜಾಗ ಮೊದಲು ಬರೆದೆ. ‘ಇದು ಯಾರು ಹೇಳಿಕೊಟ್ಟದ್ದಮ್ಮ?’ ಎಂದು ಸರ್ ಕೇಳಿದರು.

‘ಬರೆಯದಿದ್ರೆ ನಮ್ಮ ಮಾವ ನೆಲ ಕೆರೀತಾರೆ ಸರ್’ ಎಂದೆ. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಸರ್ಟಿಫಿಕೇಟು ಕೊಡುವ ದಿನ ಬಂತು. ಅಷ್ಟರಲ್ಲಿ ದೊಡ್ಡಪ್ಪ ಬೇರೆ ಗಂಡು ನೋಡಿಯಾಗಿತ್ತು. ‘ಮತ್ತೆ ನೋಡುವ’ ಎಂದ ಮಾತಿನ ಬೆಲೆ ಬದಲಾಗಿತ್ತು! ಮಾವನನ್ನು ನನ್ನ ಜೊತೆ ಕಳಿಸುವಾಗ ಕೈ ಎತ್ತಿ ಹೇಳಿದರು: ‘ಕಾಗದ ಸಿಕ್ಕಿದ ಕೂಡ್ಲೇ ಇವಳನ್ನು ಮನೆಗೆ ಕರಕೊಂಡು ಬಾ. ತಿಳೀತಾ?’

ಮಾವ ತಲೆಯಾಡಿಸಿದರು. ನನ್ನ ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಇಂಥ ಅಪ್ಪಣೆ ಮಾವನಿಗೆ ಕೊಟ್ಟ ಮೇಲೆ ದೇವರು ಬಂದರೂ ಬದಲಿಸಲಾರ.

ಪುತ್ತೂರಿನ ಕಾಲೇಜಿನ ಹಾಲ್‌ನಲ್ಲಿ ನನ್ನ ಹೆಸರು ಕರೆದರು. ಸರ್ಟಿಫಿಕೇಟು ನನ್ನ ಕೈಗೆ ಬಂತು. ಸರ್ ನಕ್ಕರು: ‘ಟ್ಯೂಟರ್ ಕೆಲಸ ನಿನಗೇ. ಇವತ್ತೇ ಸೇರಬೇಕು, ಇರಲಿಕ್ಕೆ ಹಾಸ್ಟೆಲ್ ಉಂಟು.’ ಮತ್ತೆ ಮಾವನ ಕಡೆ ತಿರುಗಿದರು. ‘ಮನೆಯವರು ನೀವಲ್ವಾ? ನೀವು ಎಂತ ಹೇಳ್ತೀರಿ?’

ಆ ಪ್ರಶ್ನೆಯನ್ನು ಅವರಿಗೆ ಅಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಮಾವ ನನ್ನ ಕೈಯಿಂದ ಕಾಗದ ತೆಗೆದುಕೊಂಡರು. ಓದಲು ಬಾರದು. ಆದರೂ ಹೊಳೆಯ ನೀರನ್ನು ನೋಡುವ ಹಾಗೆ ಬಹಳ ಹೊತ್ತು ಅದನ್ನೇ ನೋಡಿದರು. ಕಾಗದವನ್ನು ನನ್ನ ಕೈಗೆ ತಿರುಗಿ ಇಟ್ಟು, ಬೆರಳು ಮಡಚಿ ಹಿಡಿಸಿದರು.

‘ದಾಟು ಮಗಳೇ,’ ಎಂದರು. ‘ಇದು ನಾನೇ ಹೇಳುದು.’